ಮಾರಕ್ಕನ ದನಿ ಹಿಡಿದ ವಸಂತಮ್ಮ

ಗಂಡ ತೀರಿಕೊಂಡ ಮೇಲೂ ವಸಂತಮ್ಮ ಅವನ ಮೈಕ್ ಸೆಟ್ ಅಂಗಡಿ ಮುಚ್ಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಏಣಿ ಹತ್ತಿ ಮೈಕಿನ ಹಾರನ್ ಕಟ್ಟಿದಳು. ಟಿ. ದಾಸರಹಳ್ಳಿಯ ಜನ ಒಂದಷ್ಟು ದಿನ ಆಡಿಕೊಂಡರು, ಆಮೇಲೆ ಮದುವೆ, ನಾಮಕರಣಕ್ಕೆ ಅವಳನ್ನೇ ಕರೆದರು. ಎಂಬತ್ತೆರಡನೇ ಇಸವಿಯಲ್ಲಿ ಅವಳು ಗ್ರಾಮಫೋನು, ಹಾಡಿನ ಪ್ಲೇಟುಗಳನ್ನೆಲ್ಲ ಮಾರಿ ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರ್ ತಂದಾಗ, ಊರಿನ ಇನ್ನೊಬ್ಬ ಮೈಕ್ ಸೆಟ್ಟಿನವನಾದ ಆಂಜಿನಪ್ಪನಿಗೆ ನಗು ತಡೆಯಲಾಗಲಿಲ್ಲ.

"ಏನಕ್ಕಾ, ಸೋಪಿನ ಡಬ್ಬಿ ತಂದಿದ್ದೀಯ? ಹಾಡು ಅಂದ್ರೆ ಪ್ಲೇಟು ಕಣಕ್ಕ. ಮುಳ್ಳು ಇಟ್ರೆ ಹಾಡೋರು ಎದುರಿಗೇ ನಿಂತಂಗಿರ್ತದೆ."

"ಇರ್ಬೌದು ಕಣಪ್ಪ. ನಿನ್ನ ಪ್ಲೇಟಲ್ಲಿ ನಮ್ಮ ಮಾರಕ್ಕ ಹಾಡ್ತಾಳಾ?"

ಮಾರಕ್ಕ ಲಗ್ಗೆರೆಯವಳು. ಊದುಬತ್ತಿ ಹೊಸೆಯುತ್ತಾ ಅವಳು ಹಾಡಿದರೆ ಪಕ್ಕದವರ ಕೈಯೂ ಚುರುಕಾಗುತ್ತಿತ್ತು. ವಸಂತಮ್ಮ ಖಾಲಿ ಕ್ಯಾಸೆಟ್ ಹಾಕಿ ಅವಳ ಮುಂದೆ ಕೂತಳು. ಮೊದಲ ಸಾಲಿಗೇ ಮಾರಕ್ಕನಿಗೆ ಕೆಮ್ಮು ಬಂತು.

"ಅಯ್ಯೋ, ಅದೂ ಸೇರ್ಕೊಂಡ್ಬುಡ್ತಾ?"

"ಸೇರ್ಕೊಳ್ಳಲಿ ಬಿಡು. ಅದರ ಮೇಲೇ ಇನ್ನೊಂದ್ಸಲ ಹಾಡು, ಅಳಿಸೋಗ್ತದೆ."

ಆ ವರ್ಷ ಪೀಣ್ಯದ ಕಾರ್ಖಾನೆ ಕೆಲಸಗಾರರು ರಾಜ್ಯೋತ್ಸವದ ಮೆರವಣಿಗೆ ತೆಗೆದರು. ಮುಂದಿನ ಟ್ರ್ಯಾಕ್ಟರು ಆಂಜಿನಪ್ಪನಿಗೆ, ಹಿಂದಿನದು ವಸಂತಮ್ಮನಿಗೆ. ರಸ್ತೆಯೋ ಬರೀ ಗುಂಡಿ. ಆಂಜಿನಪ್ಪ ಗ್ರಾಮಫೋನಿನ ಕೆಳಗೆ ದಿಂಬು ಇಟ್ಟಿದ್ದರೂ ಗಾಲಿ ಇಳಿದಾಗಲೆಲ್ಲ ಮುಳ್ಳು ನೆಗೆಯಿತು. ಮೈಕಿನ ಹಾರನ್ "ತಾಯೇ, ತಾಯೇ, ತಾಯೇ" ಎಂದು ಒಂದೇ ಮಾತಿಗೆ ಅಂಟಿಕೊಂಡಿತು. ಕುಣಿಯುತ್ತಿದ್ದವರು ನಕ್ಕು ನಿಂತರು.

ವಸಂತಮ್ಮ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದಳು. ಟ್ರ್ಯಾಕ್ಟರು ಎಷ್ಟು ಕುಲುಕಿದರೂ ಮಾರಕ್ಕನ ಹಾಡು ಎಲ್ಲೂ ಕಡಿಯದೆ ಕಾರ್ಖಾನೆಯ ಗೋಡೆಗಳಿಗೆ ಬಡಿದು ಬಂತು.

"ಅದು ನಮ್ಮ ಮಾರಕ್ಕ ಕಣ್ರೇ!" ಲಗ್ಗೆರೆಯ ಹೆಂಗಸರು ಕೂಗಿದರು. ಅವರ ನಡುವೆಯೇ ಇದ್ದ ಮಾರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಟೇಪು ಸಿಕ್ಕಿಕೊಂಡು ಹಾಡು ನಿಂತಿತು. ವಸಂತಮ್ಮ ಕ್ಯಾಸೆಟ್ಟನ್ನು ಹೊರತೆಗೆದಳು. ಹೊರಬಂದ ಟೇಪನ್ನು ಮೆಲ್ಲಗೆ ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಹಾಕಿದಳು. ಸುಕ್ಕಾದ ಕಡೆ ದನಿ ನೀರಲ್ಲಿ ಮುಳುಗೆದ್ದಂತಾಗಿ, ಮರುಗಳಿಗೆ ಮೊದಲಿಗಿಂತ ಜೋರಾಗಿ ಎದ್ದಿತು. ಈಗ ಮಾರಕ್ಕ ಸೆರಗು ತೆಗೆದು ತನ್ನ ದನಿಯ ಜೊತೆಗೇ ಹಾಡತೊಡಗಿದಳು. ಬೀದಿಗೆ ಬೀದಿಯೇ ಕುಣಿಯಿತು.

ಆಂಜಿನಪ್ಪ ತನ್ನ ಟ್ರ್ಯಾಕ್ಟರನ್ನು ಪಕ್ಕಕ್ಕೆ ತೆಗೆಸಿದ. "ಮುಂದಕ್ಕೆ ಬಾರಕ್ಕ," ಎಂದ.

ಮರುವಾರ ಅವನು ತನ್ನ ತಾಯಿಯ ಕೈ ಹಿಡಿದು ಅಂಗಡಿಗೆ ಬಂದ. "ನಮ್ಮಮ್ಮ ಸೋಬಾನೆ ಸಕ್ಕತ್ತಾಗಿ ಹಾಡ್ತಾಳೆ ಕಣಕ್ಕ. ಒಂದು ಕ್ಯಾಸೆಟ್ಟಲ್ಲಿ ಹಿಡ್ಕೊಡು."