ಮೊದಲ ಕೊಡ

ಅಮೀರ್‌ಪೇಟ್‌ನ ನಮ್ಮ ಗಲ್ಲಿಯಲ್ಲಿ ಆ ಬೇಸಿಗೆ ಒಬ್ಬೊಬ್ಬರಿಗೇ ಕಾಮಾಲೆ ಬರತೊಡಗಿತು. ಕಂಪ್ಯೂಟರ್ ಕಲಿಯಲು ಬಂದ ಹಾಸ್ಟೆಲ್ ಹುಡುಗರು ಮೆಸ್ಸಿನ ಸಾಂಬಾರನ್ನು ಬೈದರು. ನಮ್ಮ ಮನೆಯೊಡತಿ ಪಾನಿಪೂರಿ ಬಂಡಿಯವನನ್ನು ಬೈದಳು. ನನಗಾಗ ಏಳು ತಿಂಗಳು. ಬಸುರಿಗೆ ಈ ಕಾಯಿಲೆ ಬಂದರೆ ತಾಯಿ, ಮಗು ಇಬ್ಬರಿಗೂ ಅಪಾಯ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಹೆದರಿಹೋದೆ. ಕಂಡದ್ದಕ್ಕೆಲ್ಲ ಮೂಗು ತೂರಿಸುವ ಚಟ ಮೊದಲೇ ಇತ್ತು, ಈಗ ಕಾರಣವೂ ಸಿಕ್ಕಿತು.

ಮಧ್ಯಾಹ್ನ ಮನೆಮನೆಗೆ ಹೋಗಿ ವಿಚಾರಿಸಿದೆ: ಏನು ತಿಂದಿರಿ, ಎಲ್ಲಿ ತಿಂದಿರಿ? ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಹೊರಗಿನದೇನೂ ಮುಟ್ಟದ ಅಜ್ಜಿಯ ಕಣ್ಣೂ ಹಳದಿ. ಆದರೆ ಗಲ್ಲಿಯ ಕೊನೆಯ ತಗಡಿನ ಜೋಪಡಿಯಲ್ಲಿದ್ದ ಯಾದಗಿರಿಯ ಕೂಲಿ ಹೆಂಗಸಿನ ಮಕ್ಕಳು ಬೀದಿಯಲ್ಲಿ ಸಿಕ್ಕಿದ್ದೆಲ್ಲ ತಿಂದು ಗುಂಡುಕಲ್ಲಿನಂತಿದ್ದರು. ಇದೇನಿದು ವಿಚಿತ್ರ ಎಂದು ಅವಳನ್ನೇ ಕೇಳಿದೆ.

“ನಳದಾಗ ಮೊದಲ ಬರೋ ನೀರು ಚಲೋ ಇಲ್ರಿ ಅಕ್ಕಾರ,” ಎಂದಳು. “ನಮ್ಮ ಮನಿಯವರು ಕೇಬಲ್ ಹಾಕಾಕ ತಗ್ಗು ತೋಡ್ಯಾರ. ಆವಾಗ ನೀರಿನ ಪೈಪು ಒಡದೈತಿ, ಮೋರಿ ನೀರು ಅದರಾಗ ಹೋಗತೈತಿ. ಕಡೀಕ ನಮ್ಮ ಪಾಳಿ ಬರೂದ್ರಾಗ ತಿಳಿ ಆಗಿರತೈತಿ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?” ರೇಗಿಬಿಟ್ಟೆ.

“ಕೆಲಸ ಮಾಡಸೋ ಮುಕಾದಮ ಬಾಯಿ ಮುಚ್ಚಂದ. ನನ್ನ ಮಾತು ಇಲ್ಲಿ ಯಾರಿಗೆ ತಿಳೀತೈತ್ರಿ?”

ನಿಜ, ತೆಲುಗು, ಹಿಂದಿಯ ಆ ಗಲ್ಲಿಯಲ್ಲಿ ಅವಳ ಮನೆಯವರನ್ನು ಬಿಟ್ಟರೆ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೇ. ನಾನು ಅವಳನ್ನು ಒಂದು ದಿನವೂ ಮಾತಾಡಿಸಿರಲಿಲ್ಲ. ನಲ್ಲಿಯಲ್ಲಿ ಮೊದಲ ಕೊಡವಂತೂ ನನ್ನದೇ. ಹೊಟ್ಟೆ ಕಾಣಿಸಿಕೊಂಡಾಗಿನಿಂದ ಹೆಂಗಸರೆಲ್ಲ ಪ್ರೀತಿಯಿಂದ ನನ್ನನ್ನು ಮುಂದೆ ಬಿಡುತ್ತಿದ್ದರು.

ಮರುದಿನ ನೀರು ಬಂತು. ಕೊಡ ತುಂಬಿಸಿ ಮೂಗಿನ ಬಳಿ ಹಿಡಿದೆ. ಸಣ್ಣಗೆ ನಾತ. ಇಷ್ಟು ದಿನ ಬಟ್ಟೆಯಲ್ಲಿ ಸೋಸಿ ಕುಡಿದದ್ದು ಇದನ್ನೇ! ಮೋರಿಗೆ ಸುರಿದೆ. ಎರಡನೆಯದನ್ನೂ ಸುರಿದೆ, ಮೂರನೆಯದನ್ನೂ. ಒಂದು ಗಂಟೆ ಮಾತ್ರ ಬರುವ ನೀರನ್ನು ಚೆಲ್ಲುವುದೆಂದರೆ? ಹಿಂದಿನಿಂದ ತೆಲುಗಿನಲ್ಲೂ ಹಿಂದಿಯಲ್ಲೂ ಬೈಗುಳ ಬಂತು. ನಾನು ಅಲ್ಲಾಡಲಿಲ್ಲ. ಕೊಡವನ್ನು ಒಬ್ಬೊಬ್ಬರ ಮೂಗಿಗೂ ಹಿಡಿದೆ. ಮನೆಯೊಡತಿ ಮುಖ ಕಿವುಚಿ ತಾನೇ ಮುಂದಿನ ಕೊಡವನ್ನು ಸುರಿದಳು. ನಾತ ಹೋದ ಮೇಲೆಯೇ ಎಲ್ಲರೂ ತುಂಬಿಕೊಂಡರು. ಗೆದ್ದೆ ಎಂದು ಬೀಗುತ್ತಿದ್ದೆ, ಅಷ್ಟರಲ್ಲಿ ನಲ್ಲಿ ನಿಂತುಹೋಯಿತು.

ಸಾಲಿನ ಕೊನೆಯಲ್ಲಿ ಯಾದಗಿರಿಯ ಆ ಹೆಂಗಸೊಬ್ಬಳೇ ಉಳಿದಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತುಂಬಿದ ನನ್ನ ಕೊಡವನ್ನು ಅವಳ ಮುಂದಿಟ್ಟೆ.

“ಎರಡು ಜೀವದಾಕಿ ಅದೀರಿ, ಒಯ್ಯಿರಿ,” ಎಂದಳು. ಖಾಲಿ ಕೊಡ ಎತ್ತಿಕೊಂಡು ಹಾಸ್ಟೆಲಿನ ಗೇಟಿನತ್ತ ನೀರು ಕೇಳಲು ಹೋದಳು.