ಮಕ್ಕಳೇ ಮಾಡಿದ ಹಾಗೆ

ರೋಹಿಣಿ ಬಡಾವಣೆಯ ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿ ಒಂದು ಸ್ಟೇಷನರಿ ಅಂಗಡಿ ಇದೆ. ಶಾಲೆಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ಅದರ ಮುಂದೆ ಒಬ್ಬ ಭಯ್ಯಾ ಸ್ಟೂಲು ಹಾಕಿಕೊಂಡು ಕೂತು, ಕಾದ ತಂತಿಯಿಂದ ಥರ್ಮಾಕೋಲ್ ಕತ್ತರಿಸಲು ಶುರುಮಾಡುತ್ತಾನೆ. ಜ್ವಾಲಾಮುಖಿ, ಸೌರಮಂಡಲ, ಮಳೆನೀರಿನ ಕೊಯ್ಲು, ಯಾವುದು ಬೇಕೋ ಹೇಳಿ, ನೀವು ತರಕಾರಿ ಕೊಂಡು ಬರುವುದರೊಳಗೆ ಸಿದ್ಧ. ನಿನ್ನೆ ಸಂಜೆ ಹಾಲು ತರಲು ಹೋದಾಗ ಆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಭಯ್ಯಾ ನನ್ನನ್ನು ನೋಡಿ, "ಆಯಿಯೇ ಮೇಡಂ, ಬಚ್ಚೇ ಕಾ ಪ್ರಾಜೆಕ್ಟ್ ಹೈ ಕ್ಯಾ?" ಎಂದು ಕರೆದ. ನನಗೆ ಮಕ್ಕಳಿರಲಿ, ಇನ್ನೂ ಮದುವೆಯೇ ಆಗಿಲ್ಲ. "ಇಲ್ಲಪ್ಪ" ಎಂದು ನಕ್ಕು ಮುಂದೆ ಹೋಗಬಹುದಿತ್ತು. ಅದರ ಬದಲು ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿಕೊಂಡು, ಹಾಲನ್ನೂ ಮರೆತು ಮನೆಗೆ ಬಂದೆ. ಅಮ್ಮ ಬೈದಳು, ಅದು ಬೇರೆ ಮಾತು.

ಆ ವಾಸನೆ ನಮ್ಮ ಮನೆಯ ಭಾನುವಾರದ ವಾಸನೆ. ಬೇರೆಯವರ ಮನೆಯಲ್ಲಿ ಭಾನುವಾರ ಒಗ್ಗರಣೆ ಘಮಘಮ ಎನ್ನುತ್ತಿದ್ದರೆ ನಮ್ಮ ಬಾಲ್ಕನಿಯಲ್ಲಿ ಗಮ್ಮು, ಪೇಂಟು, ಥರ್ಮಾಕೋಲು. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತುಮಕೂರಿನಿಂದ ಈ ರಾಜಧಾನಿಗೆ ಬಂದವರು. ವಾರವಿಡೀ ಚಾರ್ಟರ್ಡ್ ಬಸ್ಸಿನಲ್ಲಿ ಕೂತು ಕಚೇರಿಗೆ ಹೋಗಿಬರುವುದು, ಭಾನುವಾರ ನನ್ನ ಶಾಲೆಯ ಪ್ರಾಜೆಕ್ಟ್ ಮಾಡುವುದು. ಹೌದು, ನನ್ನ ಪ್ರಾಜೆಕ್ಟ್. ಆಮೇಲಾಮೇಲೆ ಅದೇ ಬಸ್ಸಿನ ಕನ್ನಡದವರೆಲ್ಲ "ರಾಯರೇ, ನಮ್ಮ ಮಗೂದೂ ಒಂದು ವಾಟರ್ ಸೈಕಲ್ ಇದೆ, ಸ್ವಲ್ಪ ನೋಡ್ತೀರಾ?" ಎಂದು ಗೋಗರೆಯತೊಡಗಿದರು. ಅಪ್ಪ ಬೇಡ ಎಂದವರಲ್ಲ.

ಕೈಕೆಲಸ ಚೆನ್ನಾಗಿರುವ ಅಪ್ಪಂದಿರು ಎಲ್ಲ ಊರಲ್ಲೂ ಇರುತ್ತಾರೆ ಬಿಡಿ. ನಮ್ಮಪ್ಪನ ಹೆಚ್ಚುಗಾರಿಕೆ ಬೇರೆ. ಸ್ಟೀಲಿನ ಸ್ಕೇಲು ಹಿಡಿದು ಗೋಡೆಯನ್ನು ಒಂದು ಕೂದಲೆಳೆ ಆಚೀಚೆ ಆಗದಂತೆ ಕತ್ತರಿಸುವರು. ಅಂಟಿಸುವರು. ಕಣ್ಣು ಕಿರಿದು ಮಾಡಿ ನೋಡುವರು. ಆಮೇಲೆ ಆ ನೆಟ್ಟಗಿನ ಗೋಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಸೊಟ್ಟ ಮಾಡುವರು! ಒಂದು ಮೂಲೆಯಲ್ಲಿ ಬೇಕೆಂದೇ ಗಮ್ಮು ಮೆತ್ತುವರು. ಗೆರೆಯಿಂದ ಆಚೆಗೆ ಒಂಚೂರು ಬಣ್ಣ ಚೆಲ್ಲುವರು. ಹೆಸರಿನ ಚೀಟಿಗಳನ್ನು ಎಡಗೈಯಲ್ಲಿ ಬರೆಯುವರು.

"ಟೀಚರುಗಳೇನು ದಡ್ಡರೇನೇ? ತುಂಬ ನೀಟಾಗಿದ್ರೆ ಅಪ್ಪ ಮಾಡಿದ್ದು ಅಂತ ಗೊತ್ತಾಗ್ಬಿಡತ್ತೆ. ಮಕ್ಕಳೇ ಮಾಡಿದ ಹಾಗೆ ಕಾಣ್ಬೇಕು" ಎಂದು ನನಗೆ ಗುಟ್ಟು ಹೇಳುತ್ತಿದ್ದರು.

ಒಳಗಿನಿಂದ ಅಮ್ಮ, "ಅಡುಗೆಮನೆ ಶೆಲ್ಫು ಸೊಟ್ಟಗೆ ನೇತಾಡ್ತಾ ಇದೆ, ಅದನ್ನ ನೆಟ್ಟಗೆ ಮಾಡೋಕೆ ಟೈಮಿಲ್ಲ. ಅಲ್ಲಿ ನೆಟ್ಟಗಿರೋದನ್ನ ಸೊಟ್ಟ ಮಾಡ್ತಾ ಕೂತಿದಾರೆ ಮಹಾಶಯರು" ಎನ್ನುತ್ತಿದ್ದಳು.

ನಾನು ಪಕ್ಕದಲ್ಲಿ ಕೂತು ಕತ್ತರಿ ಎತ್ತಿಕೊಡುವುದು, ಚಹಾದ ಲೋಟ ಹಿಡಿದುಕೊಳ್ಳುವುದು, ಇಷ್ಟೇ. ಆಸೆ ತಡೆಯದೆ ಕೈ ಚಾಚಿದರೆ, "ಏಯ್, ಕೈ ತೆಗಿ, ಹಾಳಾಗತ್ತೆ" ಎಂಬ ಗದರಿಕೆ. ನೀವೇ ಹೇಳಿ, ಹೇಗೂ ಹಾಳು ಮಾಡಲೇಬೇಕಾದದ್ದನ್ನು ನಾನೇ ಹಾಳು ಮಾಡಿದ್ದರೆ ಏನಾಗುತ್ತಿತ್ತು? ಐದನೇ ಕ್ಲಾಸಿನಲ್ಲಿ ನನ್ನ ಹೆಸರಿನ ಕೆಂಪುಕೋಟೆಗೆ ಮೊದಲ ಬಹುಮಾನ ಬಂತು. "ನೋಡಿ, ಎಷ್ಟು ನೈಜವಾಗಿದೆ, ಮಗುವಿನ ಸ್ವಂತ ಪ್ರಯತ್ನ" ಎಂದು ಟೀಚರ್ ಎಲ್ಲರ ಮುಂದೆ ಹೊಗಳಿದರು. ಸೊಟ್ಟ ಬುರುಜು ತೋರಿಸಿ ಹೊಗಳಿದರು. ನಾನು ಹಲ್ಲು ಕಿರಿದೆ.

ಈಗ ನಾನೇ ಟೀಚರ್ ಆಗಲು ಹೊರಟಿದ್ದೇನೆ. ಬಿ.ಎಡ್. ಎರಡನೇ ವರ್ಷ. ಮಗು ತನ್ನ ಕೈಯಿಂದ ಮಾಡುತ್ತಾ, ಎಡವುತ್ತಾ ಕಲಿಯಬೇಕು, ಪ್ರಾಜೆಕ್ಟ್ ಎಂದರೆ ಪ್ರದರ್ಶನಕ್ಕಿಡುವ ಬೊಂಬೆ ಅಲ್ಲ, ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋಗುವುದು, ಇತ್ಯಾದಿ ಇತ್ಯಾದಿ ನಾನು ಪುಟಗಟ್ಟಲೆ ಬರೆದಿದ್ದೇನೆ. ಬರೆದಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಕಾಲೇಜಿನಲ್ಲಿ ವಾರಕ್ಕೊಮ್ಮೆ ಆತ್ಮಾವಲೋಕನ ಬರೆದು ಒಪ್ಪಿಸಬೇಕು. ಅದನ್ನು ನಾವೆಲ್ಲ ಮೊಬೈಲಿನ ಎಐಗೆ ಹೇಳಿ ಬರೆಸುತ್ತೇವೆ. ನನ್ನ ಆತ್ಮವನ್ನು ಯಂತ್ರ ಅವಲೋಕಿಸಿ ಕೊಟ್ಟದ್ದರ ಕೆಳಗೆ ಪ್ರೊಫೆಸರು "ಅತ್ಯಂತ ಪ್ರಾಮಾಣಿಕವಾಗಿದೆ" ಎಂದು ಷರಾ ಬರೆದರು. ಅದು ಬರೆದುಕೊಟ್ಟ ಮೇಲೆ ನಾನು ಒಂದೆರಡು ವಾಕ್ಯ ಕೆಡಿಸಿದ್ದೆ, ನಾನೇ ಬರೆದ ಹಾಗೆ ಕಾಣಲಿ ಎಂದು. ರಕ್ತಗುಣ ಎಲ್ಲಿ ಹೋಗುತ್ತದೆ!

ಈ ಸಲ ಅಭ್ಯಾಸ ಪಾಠಕ್ಕೆಂದು ನನ್ನನ್ನು ಇಲ್ಲೇ ರೋಹಿಣಿಯ ಒಂದು ಶಾಲೆಯ ಆರನೇ ಕ್ಲಾಸಿಗೆ ಹಾಕಿದರು. ನಾನು ಕೊಟ್ಟ ಪ್ರಾಜೆಕ್ಟ್: ನಿಮ್ಮ ಮನೆಯ ನಲ್ಲಿಗೆ ನೀರು ಹೇಗೆ ಬರುತ್ತದೆ, ಹುಡುಕಿ, ಮಾಡಿ ತೋರಿಸಿ. ತಂದೆತಾಯಿಯರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶವನ್ನೂ ಹಾಕಿದೆ. ದಯವಿಟ್ಟು ಮಕ್ಕಳಿಗೆ ಸಹಾಯ ಮಾಡಬೇಡಿ, ಕೆಟ್ಟರೆ ಕೆಡಲಿ, ಅವರ ಕೈಯಿಂದಲೇ ಆಗಲಿ. ಈ ಸಂದೇಶವನ್ನು ಮಾತ್ರ ನಾನೇ ಬರೆದದ್ದು, ಯಂತ್ರ ಅಲ್ಲ. ಬರೆಯುವಾಗ ಎದೆ ಉಬ್ಬಿತ್ತು ಕೂಡ.

ಮಾಡೆಲ್‌ಗಳು ಬಂದವು. ಹೆಚ್ಚಿನವು ಆ ಮಾರ್ಕೆಟ್ ಭಯ್ಯಾನ ಕೈಯವು, ಕೆಲವು ಅಪ್ಪಂದಿರವು. ನಾನು ಒಂದೊಂದನ್ನೇ ನೋಡಿ ಸಟಸಟನೆ ಹೇಳುತ್ತಾ ಹೋದೆ. ಇದು ಅಂಗಡಿಯದು. ಇದು ಅಣ್ಣ ಮಾಡಿದ್ದು. ಮಕ್ಕಳು ನಾಲಗೆ ಕಚ್ಚಿಕೊಂಡು ಒಪ್ಪಿಕೊಳ್ಳುತ್ತಿದ್ದರು. ನನ್ನ ಮೇಲ್ವಿಚಾರಣೆಗಿದ್ದ ಹಿರಿಯ ಟೀಚರ್ ಬೆರಗಾಗಿ, "ಅರೇ ವಾಹ್, ನಿನಗೆ ಹೇಗೆ ಗೊತ್ತಾಗುತ್ತೆ?" ಎಂದರು. ನಾನು ಎಂಥ ಮನೆಯಲ್ಲಿ ಬೆಳೆದವಳು ಎಂದು ಅವರಿಗೇನು ಗೊತ್ತು?

ಕೊನೆಗೆ ಪಾಯಲ್ ಬಂದಳು. ಎರಡು ಜಡೆಯ, ಮಾತು ಕಡಿಮೆಯ ಹುಡುಗಿ. ಶೂ ಡಬ್ಬಿಯಲ್ಲಿ ಅವಳ ಮನೆ, ಕೆಳಗೆ ನೀರಿನ ತೊಟ್ಟಿ, ಮೇಲೆ ಟ್ಯಾಂಕಿ, ನಡುವೆ ಸ್ಟ್ರಾಗಳ ಪೈಪು. ಒಂದು ಬದಿಯಲ್ಲಿ ಊದಿದರೆ ನೀರು ನಿಜವಾಗಿಯೂ ಮೇಲೇರಿ ಟ್ಯಾಂಕಿಗೆ ಬೀಳುತ್ತಿತ್ತು. ನಾನು ಡಬ್ಬಿ ತಿರುಗಿಸಿ ನೋಡಿದೆ. ಒಂದು ಗೋಡೆ ಮಾತ್ರ ಸೊಟ್ಟ. ಒಂದು ಮೂಲೆಯಲ್ಲಿ ಮಾತ್ರ ಗಮ್ಮು ಮೆತ್ತಿದೆ. ನೀಲಿ ಬಣ್ಣ ಗೆರೆ ದಾಟಿದೆ, ಒಂಚೂರೇ. ಅಕ್ಷರ ನಡುಗಿದೆ. ಅಪ್ಪ ಹೇಳಿಕೊಟ್ಟಿದ್ದ ವಿದ್ಯೆಯೆಲ್ಲ ಕಣ್ಣ ಮುಂದೆಯೇ ಇತ್ತು. ಆಹಾ, ಇವಳಪ್ಪ ನಮ್ಮಪ್ಪನಿಗೇ ಗುರು ಎಂದುಕೊಂಡೆ.

"ಪಾಪಾ ನೇ ಬನಾಯಾ ಹೈ ನಾ?" ಅಪ್ಪ ತಾನೇ ಮಾಡಿದ್ದು, ಎಂದು ಕೇಳಿದೆ.

"ನಹೀಂ ಮ್ಯಾಮ್, ಮೈಂನೇ." ಇಲ್ಲ, ನಾನೇ ಎಂದಳು.

ನಾನು ಎಲ್ಲ ಬಲ್ಲವಳ ನಗೆ ನಕ್ಕೆ. "ಪಾಪಾ ಇಂಜಿನಿಯರಾ?" ಎಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. "ನಿಜ ಹೇಳಿಬಿಡು, ನಾನೇನೂ ಬೈಯುವುದಿಲ್ಲ" ಎಂದು ಮತ್ತೂ ಕೆಣಕಿದೆ. ಅವಳು ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಯನ್ನೇ ನಾನು ಒಪ್ಪಿಗೆ ಎಂದು ತಿಳಿದು, ಟ್ಯಾಬ್ಲೆಟ್ಟಿನಲ್ಲಿ 'ಸ್ವಂತ ಪ್ರಯತ್ನ' ಎಂಬಲ್ಲಿ ಒಂದೇ ಸ್ಟಾರ್ ಒತ್ತಿದೆ. ಶಾಲೆಯ ಆ್ಯಪ್ ತುಂಬ ಚುರುಕು. ಒತ್ತಿದ ತಕ್ಷಣ ಮನೆಯವರ ಮೊಬೈಲಿಗೆ ಸುದ್ದಿ ಹೋಗುತ್ತದೆ. ಇದನ್ನು ಪಾರದರ್ಶಕತೆ ಎಂದು ಹೊಗಳಿ ನಾನು ಕಾಲೇಜಿನಲ್ಲಿ ಭಾಷಣವನ್ನೂ ಮಾಡಿದ್ದೆ.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಪಾಯಲ್‌ಳ ತಾಯಿ ನನಗಾಗಿ ಕಾಯುತ್ತಿದ್ದರು. ಜಗಳಕ್ಕೆ ಬಂದಿರಲಿಲ್ಲ. ಜಗಳವಾಡಿದ್ದರೆ ನನಗೆ ಸಲೀಸಾಗುತ್ತಿತ್ತು. "ಆಪ್ ಹೀ ನೇ ಮನಾ ಕಿಯಾ ಥಾ, ಮೇಡಂ" ಎಂದರು. ನೀವೇ ಅಲ್ಲವೇ ಬೇಡ ಎಂದದ್ದು, ಅವಳು ಅತ್ತರೂ ನಾವು ಮುಟ್ಟಲಿಲ್ಲ, ಎಂದು ಮೊಬೈಲು ನನ್ನ ಮುಂದೆ ಹಿಡಿದರು. ವಿಡಿಯೋದಲ್ಲಿ ಪಾಯಲ್ ನೆಲದ ಮೇಲೆ ಕೂತಿದ್ದಾಳೆ. ಗೋಡೆ ವಾಲುತ್ತಿದೆ. ಪಕ್ಕದಿಂದ ಗಂಡಸಿನ ಕೈಯೊಂದು ಅದನ್ನು ಆನಿಸಲು ಬರುತ್ತದೆ. ಅವಳು ಆ ಕೈಯನ್ನು ತಳ್ಳಿ, "ಪಾಪಾ, ಹಾಥ್ ಹಟಾವೋ, ಮ್ಯಾಮ್ ನೇ ಮನಾ ಕಿಯಾ ಹೈ" ಎನ್ನುತ್ತಾಳೆ. ಕೈ ತೆಗಿ, ಮ್ಯಾಮ್ ಬೇಡ ಎಂದಿದ್ದಾರೆ.

ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟೂ ಮಕ್ಕಳಲ್ಲಿ ನನ್ನ ಮಾತನ್ನು ನಂಬಿದ್ದು ಅದೊಂದು ಮಗು. ನಾನು ನಾಚಿಕೆಯಿಂದ ಸತ್ತೆ ಎಂದು ಬರೆಯುವುದು ಸುಲಭ. ನಾಚಿಕೆಗೆಟ್ಟ ಸಂಗತಿ ಆಮೇಲಿನದು. ಸಾರಿ ಎಂದೆ, ನಿಜ. ಆದರೆ ದನಿ ತಗ್ಗಿಸಿ ಎಂದೆ. ಹಿರಿಯ ಟೀಚರ್ ಆಚೆಯಿಂದ ಕೇಳಿಸಿಕೊಂಡಾರು ಎಂದು ಒಂದು ಕಣ್ಣು ಅವರ ಮೇಲಿಟ್ಟೇ ಎಂದೆ. ನನ್ನ ಅಭ್ಯಾಸ ಪಾಠಕ್ಕೆ ಅಂಕ ಕೊಡುವವರು ಅವರು. ಸ್ಟಾರ್ ತಿದ್ದಲು ಹೋದರೆ ಆ್ಯಪ್ ಬೀಗ ಹಾಕಿಕೊಂಡಿತ್ತು. ಕೊನೆಗೆ ಅವರ ಬಳಿಯೇ ಹೋಗಿ ಏನೋ ಕಣ್ತಪ್ಪಾಯಿತು ಎಂದು ತೇಲಿಸಿ ಹೇಳಿದೆ. "ಛೋಡೋ ನಾ, ಮುಂದಿನ ಸಲ ಜಾಸ್ತಿ ಕೊಟ್ಟುಬಿಡು" ಎಂದರು. ನನಗೆ ನಿರಾಳವಾಯಿತು ನೋಡಿ! ಪಾಯಲ್‌ಗೆ ಏನು ಹೇಳಿದೆ? ಕಾರಿಡಾರಿನಲ್ಲಿ ಸಿಕ್ಕಾಗ ಬೆನ್ನು ತಟ್ಟಿ "ಗುಡ್ ವರ್ಕ್" ಎಂದೆ. ನಲವತ್ತು ಮಕ್ಕಳ ಮುಂದೆ ಸುಳ್ಳಿ ಎಂದವಳು, ಯಾರೂ ಇಲ್ಲದಲ್ಲಿ ಗುಡ್ ವರ್ಕ್ ಎಂದೆ.

ಆ ಸಂಜೆ ಸಿಟ್ಟೆಲ್ಲ ಅಪ್ಪನ ಮೇಲೆ ಕಾರಿದೆ. ಬೇರೆ ಯಾರು ಸಿಗುತ್ತಾರೆ ಹೇಳಿ? ಅಪ್ಪ ಈಗ ನಿವೃತ್ತರು. ಟಿವಿ ಮುಂದೆ ಕೂತು ಅವರೆಕಾಳು ಹಿದುಕುತ್ತಿದ್ದರು. ಕರೋಲ್ ಬಾಗ್ ಕಡೆಯಿಂದ ಯಾರೋ ಸ್ನೇಹಿತರು ತಂದುಕೊಟ್ಟ ಅವರೆಕಾಯಿ, ನಮ್ಮ ಮನೆಯಲ್ಲಿ ಅದಕ್ಕೆ ಹಬ್ಬದ ಮರ್ಯಾದೆ. "ನಿಮ್ಮಿಂದಾಗಿ ನನಗೆ ನಿಜವಾದ ಸೊಟ್ಟ ಯಾವುದು, ಸುಳ್ಳು ಸೊಟ್ಟ ಯಾವುದು ಅಂತಾನೇ ಗೊತ್ತಾಗಲ್ಲ ಅಪ್ಪ. ನಾನು ಒಂದೇ ಒಂದು ಗೋಡೆ ನಿಲ್ಲಿಸಿದೋಳಲ್ಲ. ನಾನೇನು ಟೀಚರ್ ಆಗ್ತೀನಿ?" ಎಂದು ಕೂಗಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

ಅಪ್ಪ ಮೊದಲು ನಗಲು ಹೋದರು. ಆಮೇಲೆ ನಗಲಿಲ್ಲ.

"ನಿನ್ನನ್ನ ಇಲ್ಲಿ ಸ್ಕೂಲಿಗೆ ಹಾಕಿದಾಗ ನಂಗೆ ಹಿಂದಿ ಬರ್ತಿರ್ಲಿಲ್ಲ ಕಣಮ್ಮ. ನಿಮ್ಮಮ್ಮಂಗೆ ಮೊದಲೇ ಬರ್ತಿರ್ಲಿಲ್ಲ. ಬೇರೆ ಮಕ್ಕಳ ಅಪ್ಪ ಅಮ್ಮ ಪಾಠ ಹೇಳ್ಕೊಡೋರು. ನಂಗೆ ಅದು ಆಗ್ತಿರ್ಲಿಲ್ಲ. ಮಾತಿಲ್ದೆ ಮಾಡ್ಬಹುದಾಗಿದ್ದು ಇದೊಂದೇ ಇತ್ತು" ಎಂದರು. ಇನ್ನೊಂದು ಕಾಳು ಹಿದುಕಿ, "ಆ ಮಗು ಹತ್ರ ಎಲ್ಲರ ಮುಂದೆ ಹೇಳಿದ್ಯಾ, ತಪ್ಪಾಯ್ತು ಅಂತ?" ಎಂದು ಕೇಳಿದರು.

ನಾನು ಎದ್ದು ಒಳಗೆ ಹೋದೆ. ಪಾಯಲ್ ವಿಷಯಕ್ಕೆ ಆದ ನಾಚಿಕೆ ಒಂದು ಕಡೆ, ಅಪ್ಪನಂಥವರ ಮೇಲೆ ಹರಿಹಾಯ್ದ ನಾಚಿಕೆ ಇನ್ನೊಂದು ಕಡೆ. ಅಮ್ಮ ತಟ್ಟೆ ಇಟ್ಟು ಕರೆದರೂ ಊಟಕ್ಕೆ ಹೋಗಲಿಲ್ಲ. ಮಾರನೆಯ ದಿನ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಇನ್ಸ್‌ಪೆಕ್ಷನ್ ಇತ್ತು. ಅದರ ಮಾರನೆಯ ದಿನ ಸ್ಪೋರ್ಟ್ಸ್. ಹೇಳದೇ ಇರಲು ಶಾಲೆಯಲ್ಲಿ ಕಾರಣಗಳಿಗೆ ಬರವಿಲ್ಲ. ಹೀಗೆ ಎರಡನೇ ಪ್ರಾಜೆಕ್ಟಿನ ದಿನವೇ ಬಂತು.

ಅದು ಇವತ್ತು. ವಿಷಯ, ನಮ್ಮ ಬೀದಿಯ ಕಸ ಎಲ್ಲಿಗೆ ಹೋಗುತ್ತದೆ. ಪಾಯಲ್ ತಂದ ಮಾಡೆಲ್ ನೋಡಿ ಕ್ಲಾಸೆಲ್ಲ "ವ್ಹಾ" ಎಂದಿತು. ಪ್ಲೈವುಡ್ಡಿನ ಹಲಗೆ, ಗೆರೆ ಎಳೆದಂಥ ರಸ್ತೆಗಳು, ಉರಿಯುವ ಪುಟ್ಟ ದೀಪಗಳು, ಚಕ್ರ ತಿರುಗುವ ಕಸದ ಗಾಡಿ. ಹಿರಿಯ ಟೀಚರ್ ಮೊಬೈಲು ತೆಗೆದು ಫೋಟೋ ಹೊಡೆದುಕೊಂಡರು. ನಾನು ಹತ್ತಿರ ಹೋದೆ. ಏನೂ ಕೇಳಬಾರದು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ನಾನು ಕೇಳುವ ಮೊದಲೇ ಅವಳು ಎದ್ದು ನಿಂತು, ಹಾಜರಿ ಹೇಳುವ ದನಿಯಲ್ಲಿ ಹೇಳಿದಳು:

"ಪಾಪಾ ನೇ ಬನಾಯಾ ಹೈ, ಮ್ಯಾಮ್. ಮೈಂನೇ ಹಾಥ್ ಭೀ ನಹೀಂ ಲಗಾಯಾ."

ಅಪ್ಪ ಮಾಡಿದ್ದು, ನಾನು ಕೈ ಕೂಡ ಹಚ್ಚಿಲ್ಲ. ದೂರು ಇರಲಿಲ್ಲ ಆ ದನಿಯಲ್ಲಿ, ಸಿಟ್ಟೂ ಇರಲಿಲ್ಲ. ನನಗೆ ಏನು ಬೇಕೋ ಅದನ್ನು ತಂದುಕೊಟ್ಟ ಸಮಾಧಾನ ಇತ್ತು, ಅಷ್ಟೇ. ಹಿರಿಯ ಟೀಚರ್ ಅಲ್ಲೇ ಇದ್ದರು. ಇರಲಿ ಎಂದುಕೊಂಡೆ. ಇಡೀ ಕ್ಲಾಸಿಗೆ ಕೇಳುವ ಹಾಗೆ, ಆ ನೀರಿನ ಮಾಡೆಲ್ ಪಾಯಲ್ ತಾನೇ ಮಾಡಿದ್ದು, ಅವಳು ನಿಜ ಹೇಳಿದ್ದಳು, ನಾನು ನಂಬದೆ ನಿಮ್ಮೆಲ್ಲರ ಮುಂದೆ ಅವಳನ್ನು ನಗೆಪಾಟಲು ಮಾಡಿದೆ, ತಪ್ಪು ನನ್ನದು ಎಂದೆ. ತಡವರಿಸುತ್ತಲೇ ಎಂದೆ. ಹಿರಿಯ ಟೀಚರ್ ಮೊಬೈಲು ಕೆಳಗಿಳಿಸಿದರು. "ಸಾರಿ, ಬೇಟಾ" ಎಂದು ಪಾಯಲ್ ಕಡೆ ನೋಡಿದೆ.

ಅವಳು ನನ್ನ ಮುಖವನ್ನೂ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನೂ ನೋಡಿದಳು.

"ಕೋಯೀ ಬಾತ್ ನಹೀಂ, ಮ್ಯಾಮ್." ಪರವಾಗಿಲ್ಲ ಎಂದಳು, ದೊಡ್ಡವರ ಹಾಗೆ. ಆಮೇಲೆ ಕೇಳಿದಳು, "ಇದಕ್ಕೆ ಎಷ್ಟು ಸ್ಟಾರ್ ಕೊಡ್ತೀರಿ?"