ಕೂಗಲಿಲ್ಲ, ಜಡೆ ಹಿಡಿದರು

ಹೋದ ವಾರ ಹರಿಹರದ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿದಾಗ ಸೀಮೆಎಣ್ಣೆ ಸುಟ್ಟಂಥ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಹತ್ತು ವರ್ಷದ ಮಗಳು ಕುಣಿಯುತ್ತಿದ್ದಳು. ನನ್ನ ಕೈ ಮಾತ್ರ ತಾನಾಗಿಯೇ ಬೆನ್ನ ಮೇಲಿನ ಜಡೆಗೆ ಹೋಯಿತು... ಇಪ್ಪತ್ತು ವರ್ಷಗಳ ಹಿಂದೆ ಅದನ್ನು ಹಿಡಿದೆಳೆದವರು ನಮ್ಮ ಎದುರುಮನೆಯ ಮಾಮ.

ವಿನೋಬನಗರದ ನಮ್ಮ ಓಣಿಯಲ್ಲಿ ಅವರದು ಹಿಟ್ಟಿನ ಗಿರಣಿ. ಅದಕ್ಕೂ ಮುಂಚೆ ವಾಯುಸೇನೆಯಲ್ಲಿ ವಿಮಾನ ರಿಪೇರಿ ಕೆಲಸದಲ್ಲಿದ್ದರು. ದಾರಿಯಲ್ಲಿ ಮೊಳೆ, ಸ್ಕ್ರೂ, ಹೇರ್‌ಪಿನ್ ಏನು ಕಂಡರೂ ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಜೆಟ್ ಎಂಜಿನ್ ಒಂದು ಹರಳುಕಲ್ಲನ್ನು ಎಳೆದುಕೊಂಡರೂ ಕೆಟ್ಟು ಕೂರುತ್ತದಂತೆ. ಹಾಗಾಗಿ ದಿನಾ ಸಾಲಾಗಿ ನಡೆದು ರನ್‌ವೇ ಮೇಲಿನ ಕಸ ಆರಿಸಿದ ಅಭ್ಯಾಸ ಅದು. "ನಮ್ಮ ಓಣಿಗೆ ವಿಮಾನ ಯಾವಾಗ ಬರ್ತೈತೆ ಮಾಮ?" ಎಂದು ಕಾಲೆಳೆದರೆ ಸುಮ್ಮನೆ ನಗುತ್ತಿದ್ದರು.

ನಾನು ಓದುತ್ತಿದ್ದಾಗ ಕಾಲೇಜಿನ ಸಮಾರಂಭವೊಂದಕ್ಕೆ ಹೆಲಿಕಾಪ್ಟರಿನಲ್ಲಿ ಅತಿಥಿಯೊಬ್ಬರು ಬಂದರು. ಯಾರೂ ಹೇಳದಿದ್ದರೂ ಮಾಮ ಬೆಳಿಗ್ಗೆಯೇ ಮೈದಾನಕ್ಕೆ ಹೋಗಿ ಕಲ್ಲು, ಪ್ಲಾಸ್ಟಿಕ್ ಚೀಲ ಆರಿಸುತ್ತಿದ್ದರು. ಸ್ವಾಗತಕ್ಕೆ ನಿಂತ ಹುಡುಗಿಯರಲ್ಲಿ ನಾನೂ ಒಬ್ಬಳು. ಅತಿಥಿಗೆ ಹೊದಿಸುವ ಶಾಲು ನನ್ನ ತಟ್ಟೆಯಲ್ಲಿತ್ತು. ರೆಕ್ಕೆ ಇನ್ನೂ ತಿರುಗುತ್ತಿತ್ತು, ನಮಗೋ ಆತುರ. ಗಾಳಿಗೆ ಶಾಲು ಹಾರಿ ಹೆಲಿಕಾಪ್ಟರಿನ ಬಾಲದ ಕಡೆ ಹೋಯಿತು. ಶಾಲಿಲ್ಲದೆ ಎಂಥ ಸ್ವಾಗತ? ನಾನು ಅದರ ಹಿಂದೆಯೇ ಓಡಿದೆ.

ಯಾರೋ ಜಡೆ ಹಿಡಿದು ಹಿಂದಕ್ಕೆಳೆದರು. ತಟ್ಟೆ ಸಮೇತ ಮಣ್ಣಿಗೆ ಬಿದ್ದೆ. ತಲೆಯೆತ್ತಿ ನೋಡಿದರೆ ಮಾಮ. ಇಡೀ ಕಾಲೇಜು ನಕ್ಕಿತು.

ಮೂರು ತಿಂಗಳು ಅವರೊಂದಿಗೆ ಮಾತು ಬಿಟ್ಟೆ. ಜೋಳ ಬೀಸಿಸಲು ಬಿಸಿಲಲ್ಲಿ ದೂರದ ಗಿರಣಿಗೆ ನಡೆದೆನೇ ಹೊರತು ಎದುರುಮನೆ ಮೆಟ್ಟಿಲು ಹತ್ತಲಿಲ್ಲ. ಅಷ್ಟು ಹಟ ನನಗೆ. ಕೊನೆಗೆ ಅವರೇ ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

"ಬಾಲದಾಗೂ ಒಂದು ಫ್ಯಾನ್ ಐತೆ ಕಣವ್ವ. ತಿರುಗುವಾಗ ಕಣ್ಣಿಗೆ ಕಾಣಂಗಿಲ್ಲ" ಎಂದರು. ಆಮೇಲೆ, "ನನ್ನ ಜತೆಗಾರ ಒಬ್ಬ ಟೋಪಿ ಹಾರಿತು ಅಂತ ಬೆನ್ನತ್ತಿ ಹೋದ. ನಾನು ಕೂಗಿದೆ. ಆ ಸದ್ದಿನಾಗೆ ಅವನಿಗೆ ಕೇಳ್ಲಿಲ್ಲ... ಅದಕ್ಕೇ ನಿನ್ನ ಕೂಗ್ಲಿಲ್ಲ, ಜಡೆ ಹಿಡಿದೆ" ಎಂದರು.

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮರುದಿನ ಜೋಳದ ಡಬ್ಬಿ ಹಿಡಿದು ಅವರ ಗಿರಣಿಗೆ ಹೋದೆ.

ಮಾಮ ತೀರಿಕೊಂಡು ಆರು ವರ್ಷವಾಯಿತು. ಗಿರಣಿ ಇದ್ದ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿ ಇದೆ. ಈ ಕಥೆಯನ್ನು ಮಗಳು ನನ್ನಿಂದ ಎಷ್ಟು ಸಲ ಹೇಳಿಸಿಕೊಂಡಿದ್ದಾಳೋ ಲೆಕ್ಕವಿಲ್ಲ.

ಹರಿಹರದಲ್ಲಿ ಅಂದು ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳ ಟೋಪಿ ಹಾರಿತು. ಅವಳು ಬಿದಿರಿನ ಬೇಲಿಯ ಕೆಳಗೆ ನುಸುಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಬಗ್ಗಿ ಅವಳ ಜಡೆ ಹಿಡಿದು ಈಚೆಗೆ ಎಳೆದಳು. ಇದನ್ನು ನೋಡಲು ಮಾಮ ಇಲ್ಲವಲ್ಲ ಎಂದು ಸಂಕಟವಾಯಿತು. ನೋಡಿದ್ದರೆ ಎಷ್ಟು ಹಿಗ್ಗುತ್ತಿದ್ದರೋ...

ಆ ಹುಡುಗಿ ಅಳುತ್ತಾ ನನ್ನ ಮಗಳನ್ನು ದುರುಗುಟ್ಟಿ ನೋಡುತ್ತಿದ್ದಳು. ನನ್ನಂತೆ ಅವಳೂ ಮೂರು ತಿಂಗಳು ಸಿಟ್ಟು ಇಟ್ಟುಕೊಳ್ಳುವುದು ಬೇಡವೆನಿಸಿತು. ಸದ್ದು ನಿಂತ ಮೇಲೆ ಅವಳ ಪಕ್ಕ ಕೂತು, ಕಣ್ಣೊರೆಸಿ ಹೇಳಿದೆ: "ಬಾಲದಾಗೂ ಒಂದು ಫ್ಯಾನ್ ಐತೆ ಕಣವ್ವ..."